ಹೋಗದ ರಜೆಯ ಬೆಲೆ

ಬಾಗಿಲ ಹಿಂದೆ ಒಂದಾದ ಮೇಲೊಂದು ಮೂರು ಚಿಲಕ ಸರಿದವು. ಇಷ್ಟು ಭದ್ರ ಮಾಡಿಕೊಂಡವರ ಮನೆಯಲ್ಲಿ ನ್ಯಾಯದ ವ್ಯವಹಾರ ಇರುವುದಿಲ್ಲ ಎಂದು ಏಜೆಂಟ ಹೊಸ್ತಿಲಲ್ಲೇ ತೀರ್ಮಾನಿಸಿಬಿಟ್ಟ.

ಅವನ ಕಸುಬೇ ಅಂಥದ್ದು. ಜನ ರಜಾ ಕ್ಲಬ್ಬಿಗೆ ಸೇರಿ ವರ್ಷವರ್ಷ ದುಡ್ಡು ಕಟ್ಟುತ್ತಾರೆ. ಕ್ಲಬ್ಬು ಪಾಯಿಂಟು ಕೊಡುತ್ತದೆ. ಆ ಪಾಯಿಂಟಿನಲ್ಲಿ ರೆಸಾರ್ಟಿನ ರೂಮು ಹಿಡಿದು ಹಾಯಾಗಿ ಇದ್ದು ಬರುವ ಬದಲು ಎಲ್ಲಿಗೂ ಹೋಗದೆ ಗುಡ್ಡೆ ಹಾಕಿಕೊಂಡು ಕೂರುತ್ತಾರೆ. ಆಮೇಲೊಂದು ದಿನ ಅವನ್ನು ಮಾರಬೇಕೆಂದು ಏಜೆಂಟನಿಗೆ ಫೋನು. ಅವನು ಹೋಗಿ ಬೆಲೆ ಕಟ್ಟಬೇಕು, ಸಹಿ ಹಾಕಿಸಿಕೊಂಡು ಅಲ್ಲೇ ನಗದು ಕೊಟ್ಟು ಬರಬೇಕು. ಅಪ್ಪನ ಹೆಣ ಇನ್ನೂ ಮನೆಯಲ್ಲಿರುವಾಗಲೇ ದರ ಕೇಳಿದ ಮಕ್ಕಳನ್ನು ಅವನು ನೋಡಿದ್ದ. ಮಂಚ ಹಿಡಿದ ಹೆಂಡತಿಯ ಹೆಬ್ಬೆಟ್ಟು ಒತ್ತಿಸಿದ ಗಂಡನನ್ನೂ ನೋಡಿದ್ದ. ಥೂ! ಮನುಷ್ಯಜಾತಿ ಅಂದರೇ ವಾಕರಿಕೆ ಬರುವಂತಾಗಿತ್ತು ಅವನಿಗೆ.

ಒಳಗೆ ನಡುಮಧ್ಯಾಹ್ನದಲ್ಲೂ ಪರದೆ ಎಳೆದಿತ್ತು. ಹಾಸಿಗೆಯ ಮುಗ್ಗಲು ವಾಸನೆ ಮೂಗಿಗೆ ಹೊಡೆಯಿತು. ಗೋಡೆಯ ಮೇಲೆ ಒಂದು ಫೋಟೋ ಕೂಡ ಇಲ್ಲ. ಮೂಲೆಯಲ್ಲಿ ಎರಡು ಸೂಟ್‌ಕೇಸು ಜಿಪ್ಪು ಎಳೆದು ಸಿದ್ಧವಾಗಿದ್ದವು. ಇದ್ದವರು ಇಬ್ಬರೇ. ಮೂವತ್ತೈದರ ಆಸುಪಾಸಿನ ಹೆಂಗಸು, ಅವಳಿಗೆ ಅಂಟಿಕೊಂಡೇ ಕೂತ ಮುದುಕಿ.

“ಸದಸ್ಯತ್ವ ಯಾರ ಹೆಸರಲ್ಲಿದೆ ಮೇಡಂ?”

“ನಂದು, ನಮ್ಮ ಯಜಮಾನರದು. ಇಬ್ಬರಲ್ಲಿ ಒಬ್ರು ಸಹಿ ಹಾಕಿದ್ರೆ ಸಾಕು ಅಂತ ಫೋನಲ್ಲಿ ಹೇಳಿದ್ರಿ,” ಅಂದಳು ಹೆಂಗಸು.

“ಸಾಕು. ವರ್ಷಾ ವರ್ಷಾ ದುಡ್ಡು ಕಟ್ಟಿದ್ದು?”

“ಅವರೇ.”

“ಮಾರ್ತಿರೋದು ಅವರಿಗೆ ಗೊತ್ತಾ?”

ಮುದುಕಿ ಸಟ್ಟನೆ ಮುಂದಕ್ಕೆ ಬಾಗಿದಳು. “ಗೊತ್ತಾಗಬಾರದು ಕಣಪ್ಪಾ. ನೀನು ಲೆಕ್ಕ ನೋಡು.”

“ನೀವು ಇವರ ತಾಯೀನಾ ಅಮ್ಮಾ?”

“ಅತ್ತೆ. ಅವನನ್ನ ಹೆತ್ತಿದ್ದು ನಾನೇ.”

ಅಬ್ಬಬ್ಬಾ! ಲೋಕದಲ್ಲೆಲ್ಲ ಅತ್ತೆ ಸೊಸೆ ಎಣ್ಣೆ ಸೀಗೆಕಾಯಿ. ಇಲ್ಲಿ ನೋಡಿದರೆ, ದುಡಿದು ಹಾಕುವ ಗಂಡಸಿಗೆ ನಾಮ ಹಾಕಲು ಇಬ್ಬರೂ ಒಂದಾಗಿ ಕೂತಿದ್ದಾರೆ. ಹೆತ್ತ ಕರುಳಿಗೂ ನಾಚಿಕೆ ಬೇಡವೆ? ಏಜೆಂಟ ಹಲ್ಲು ಕಚ್ಚಿಕೊಂಡು ಲ್ಯಾಪ್‌ಟಾಪ್ ತೆರೆದ.

ಹಳೆಯ ವರ್ಷಗಳ ಪಾಯಿಂಟು ಅವಧಿ ಮೀರಿ ಸತ್ತಿದ್ದವು. ಈಚಿನವು ಚೆನ್ನಾಗಿದ್ದವು, ಜನ ಮುಗಿಬೀಳುವ ರಜಾ ದಿನಗಳಿಗೂ ನಡೆಯುವಂಥವು. ಒಳ್ಳೆಯ ಮಾಲು.

“ಇಷ್ಟು ವರ್ಷದಲ್ಲಿ ಒಂದೇ ಒಂದ್ಸಲ ಹೋಗಿದ್ದೀರಿ,” ಅಂದ. “ಅದೂ ಒಂದು ವಾರಕ್ಕೆ ರೂಮು ಹಿಡಿದು ಮಾರನೇ ದಿನವೇ ಬಿಟ್ಟಿದ್ದೀರಿ.”

“ಹೌದು. ಅಷ್ಟಕ್ಕೇ ಸಾಕಾಗಿಹೋಯ್ತು.”

ಸಾಕಾಗಿಹೋಯಿತಂತೆ! ಅಷ್ಟು ಖರ್ಚು ಮಾಡಿ ಕರೆದುಕೊಂಡು ಹೋದವನಿಗೆ ಇದೇ ಮರ್ಯಾದೆ.

“ಈ ದುಡ್ಡು ಯಾತಕ್ಕೆ, ಕೇಳಬಹುದಾ?”

“ನಾವಿಬ್ರೂ ದೂರ ಹೋಗ್ತಿದ್ದೀವಿ ಸರ್. ಇವತ್ತೇ. ಬಸ್ಸಿನ ಟಿಕೆಟ್ಟು, ಅಲ್ಲಿ ಉಳ್ಕೊಳ್ಳೋಕೆ ಒಂದು ರೂಮು, ಅಷ್ಟಾದ್ರೆ ಸಾಕು. ಈ ದುಡ್ಡು ಸಿಗದಿದ್ರೆ ಹೋಗೋ ಹಾಗೇ ಇಲ್ಲ.”

“ಜಾಲಿ ಟ್ರಿಪ್ಪು ಅನ್ನಿ.”

“ಹಾಗೇ ಅಂದ್ಕೊಳ್ಳಿ.”

“ಯಜಮಾನರನ್ನ ಒಬ್ಬರನ್ನೇ ಬಿಟ್ಟು? ಪಾಪ.”

“ಅವನು ನಮಗೆ ಕೊಟ್ಟಿದ್ದೇನು ಕಡಿಮೆಯಾ,” ಅಂದಳು ಮುದುಕಿ.

ಕೆಳಗೆ ಬೀದಿಯಲ್ಲಿ ಒಂದು ಬೈಕು ನಿಂತ ಸದ್ದಾಯಿತು. ಮುದುಕಿ ಸೊಸೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಬೈಕು ಮತ್ತೆ ಹೊರಟು ದೂರವಾದ ಮೇಲೆಯೇ ಮುದುಕಿ ಸೊಸೆಯ ಕೈ ಬಿಟ್ಟಿದ್ದು. ಮಾಡುವ ಕೆಲಸಕ್ಕೆ ಇಷ್ಟಾದರೂ ಅಳುಕು ಇದೆಯಲ್ಲ ಎಂದುಕೊಂಡ ಏಜೆಂಟ.

ಅವನು ಬೇಕೆಂದೇ ಬೆಲೆಯನ್ನು ಅರ್ಧಕ್ಕೆ ಇಳಿಸಿ ಹೇಳಿದ. ಚೌಕಾಸಿಗೆ ಇಳಿಯಲಿ, ನಾಲ್ಕು ಮಾತು ಅಂದೇಬಿಡೋಣ ಎಂದು ಕಾದ.

“ಆಯ್ತು, ಕೊಡಿ ಸರ್,” ಅಂದಳು ಹೆಂಗಸು. ಪೆನ್ನು ಆಗಲೇ ಕೈಯಲ್ಲಿತ್ತು.

ಸ್ವಂತ ಬೆವರಾಗಿದ್ದರೆ ಹೀಗೆ ಬಿಟ್ಟುಕೊಡುತ್ತಿದ್ದಳೆ? ಏಜೆಂಟ ಲ್ಯಾಪ್‌ಟಾಪ್ ಮುಚ್ಚಿದ. “ನೆಟ್‌ವರ್ಕ್ ಸಿಗ್ತಿಲ್ಲ. ಆಫೀಸಿಗೆ ಒಂದು ಮಾತು ಕೇಳಿ ಬಂದೆ,” ಎಂದು ಎದ್ದು ಮೆಟ್ಟಿಲಿಗೆ ಬಂದ. ಹಿಂದೆಯೇ ಮೂರೂ ಚಿಲಕ ಬಿದ್ದವು.

ಗಂಡನ ನಂಬರು ಸದಸ್ಯತ್ವದ ವಿವರದಲ್ಲೇ ಇತ್ತು. ಅವನಿಗೆ ತಿಳಿಸಬೇಕೆಂಬ ನಿಯಮವೇನೂ ಇರಲಿಲ್ಲ. ಆದರೆ ಎಲ್ಲಕ್ಕೂ ಒಂದು ಮಿತಿ ಬೇಡವೆ? ಇಷ್ಟು ವರ್ಷ ಇಂಥ ಹೊಲಸನ್ನು ಬಾಯಿ ಮುಚ್ಚಿಕೊಂಡು ನೋಡಿದ್ದಾಯಿತು. ಇವತ್ತು ಒಬ್ಬ ಬಡಪಾಯಿಗಾದರೂ ನ್ಯಾಯ ಸಿಗಲಿ.

“ಸರ್, ನಿಮ್ಮ ಕ್ಲಬ್ಬಿನ ಪಾಯಿಂಟನ್ನೆಲ್ಲ ನಿಮ್ಮ ಮನೆಯವರು ಮಾರ್ತಿದ್ದಾರೆ. ನಿಮ್ಮ ಕಿವಿಗೆ ಹಾಕೋಣ ಅಂತ ಫೋನು ಮಾಡಿದೆ.”

ಆ ಕಡೆಯಿಂದ ಬಂದದ್ದು ಬಲು ಮೆತ್ತಗಿನ, ಮರ್ಯಾದಸ್ಥ ದನಿ. “ಅಮ್ಮನೂ ಜೊತೇಲಿದ್ದಾರಾ?”

“ಅವರದೇ ಮುಂದಾಳತ್ವ ಸರ್.”

“ಹೌದಾ. ಚೆನ್ನಾಗಿದ್ದಾರಾ ಇಬ್ಬರೂ?”

ಮನೆಯನ್ನೇ ದೋಚುತ್ತಿರುವವರ ಯೋಗಕ್ಷೇಮ ವಿಚಾರಿಸುತ್ತಿದ್ದಾನೆ, ದುಡ್ಡಿನ ಮಾತೇ ಇಲ್ಲ. ದೇವರಂಥ ಮನುಷ್ಯ!

“ನೀವೀಗ ಎಲ್ಲಿಂದ ಮಾತಾಡ್ತಿದ್ದೀರಿ?”

“ನಿಮ್ಮ ಮನೆಯಿಂದಲೇ ಸರ್.”

“ನಮ್ಮದು ಎರಡು ಮೂರು ಮನೆ ಇದೆ. ಯಾವುದು ಅಂತ ಸ್ವಲ್ಪ ಬಿಡಿಸಿ ಹೇಳಿಬಿಡಿ.”

ಏಜೆಂಟ ಬೀದಿ, ಕಟ್ಟಡ, ಮಹಡಿ, ಮೆಟ್ಟಿಲಿನ ಎಡಗಡೆಯ ಬಾಗಿಲು, ಎಲ್ಲವನ್ನೂ ಬಿಡಿಸಿ ಹೇಳಿದ. ಎಷ್ಟೋ ವರ್ಷದ ಮೇಲೆ ಅವನ ಮನಸ್ಸು ಹಗುರವಾಗಿತ್ತು.

“ದೊಡ್ಡ ಉಪಕಾರ ಆಯ್ತು,” ಅಂದಿತು ಆ ಮೆತ್ತನೆಯ ದನಿ. “ಎಂಟು ತಿಂಗಳಿಂದ ಹುಡುಕ್ತಿದ್ದೆ. ಈ ಸಲ ಇಬ್ಬರದೂ ಕಾಲು ಮುರಿದೇ ಕೂರಿಸ್ತೀನಿ, ಮತ್ತೆ ಹೇಗೆ ಓಡಿಹೋಗ್ತಾರೋ ನೋಡೋಣ.”