ಹನ್ನೆರಡು ಶೀಶೆಗಳು

ಅತ್ತಿಗೆ ಶೀಶೆಗಳನ್ನು ಒರೆಸಿ ಸಾಲಾಗಿ ಇಡುತ್ತಿದ್ದಳು. ಹನ್ನೆರಡೂ ಒಂದೇ ಥರ. ಒಳಗಿನ ಎಣ್ಣೆಯೂ ಒಂದೇ ಥರ ತಿಳಿ ಹಳದಿ. ಕತ್ತಿಗೆ ಅವಳು ಕಟ್ಟಿದ್ದ ಬಣ್ಣದ ದಾರ ಒಂದರಲ್ಲೂ ಇರಲಿಲ್ಲ. ಲೇಬಲ್ಲೂ ಇರಲಿಲ್ಲ.

"ಜಿಡ್ಡು ಹಿಡಿದು ಅಂಟಂಟಾಗಿತ್ತು ಅತ್ತಿಗೆ. ಬಿಸಿನೀರಲ್ಲಿ ನೆನೆಹಾಕಿ ತೊಳೆದುಬಿಟ್ಟೆ," ಎಂದಳು ನಾದಿನಿ. "ಲೇಬಲ್ ಹೊಸದಾಗಿ ಬರೀತೀನಿ. ನಿಮ್ಮ ಮೂಗಿದೆಯಲ್ಲ, ಇನ್ನೇನು ಚಿಂತೆ?"

ಅತ್ತಿಗೆಯ ಕೈ ನಿಂತಿತು. ಇವಳಿಗೆ ಗೊತ್ತಾಗಿದೆ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಮೇಣದಬತ್ತಿ ಮಾಡುವವರಿಗೆ ಬೇಕಾದ ಸಾಮಾನು: ಮೇಣದ ಗಟ್ಟಿ, ಬತ್ತಿದಾರದ ಉಂಡೆ, ಅಚ್ಚು, ಬಣ್ಣ, ಸುಗಂಧದ ಎಣ್ಣೆ. ಬಾಗಿಲು ತೆರೆದು ಇಪ್ಪತ್ತು ದಿನವಾಗಿತ್ತು. ಮೇಣ ಎಲ್ಲಾದರೂ ಸಿಗುತ್ತದೆ. ಜನ ಬರುತ್ತಿದ್ದುದು ಅತ್ತಿಗೆಯ ಮೂಗಿಗೆ. ಮದುವೆಗೆ ಮುಂಚೆ ಸೋಪಿನ ಕಾರ್ಖಾನೆಯಲ್ಲಿ ಐದು ವರ್ಷ ಮೂಸಿ ಮೂಸಿಯೇ ಸಂಬಳ ತಂದವಳು. ಆ ಮೂಗನ್ನು ನಂಬಿ ಗಂಡ ಸ್ಕೂಟರ್ ಮಾರಿದ. ನಾದಿನಿ ಹೊಲಿಗೆಯ ಕೆಲಸ ಬಿಟ್ಟು ಬಂದಳು.

ಅಂಗಡಿ ತೆರೆಯುವ ಮುಂಚಿನ ವಾರ ಮನೆಮಂದಿಗೆಲ್ಲ ಜ್ವರ. ಗಂಡ ಎರಡೇ ದಿನಕ್ಕೆ ಎದ್ದ. ಅತ್ತಿಗೆ ಎಂಟನೇ ದಿನ ಎದ್ದು ಗುಲಾಬಿ ಎಣ್ಣೆ ಮೂಸಿದಳು. ನೀರು ಮೂಸಿದ ಹಾಗಿತ್ತು. ಸೀಗೆಪುಡಿ ಮೂಸಿದಳು, ಸೀಮೆಎಣ್ಣೆ ಮೂಸಿದಳು. ಏನೂ ಇಲ್ಲ.

ಯಾರಿಗೂ ಹೇಳಲಿಲ್ಲ. ಯಾವ ಬಾಯಲ್ಲಿ ಹೇಳುವುದು? ಲೇಬಲ್ ನೋಡಿ ಶೀಶೆಗಳಿಗೆ ಬಣ್ಣಬಣ್ಣದ ದಾರ ಕಟ್ಟಿದಳು. ಗಿರಾಕಿಯ ಎದುರು ಓದಿ ಹೇಳುವ ಹಾಗಿರಲಿಲ್ಲವಲ್ಲ. ಮೊದಲು ದಾರ ನೋಡುವುದು, ಆಮೇಲೆ ಕಣ್ಣು ಮುಚ್ಚಿ ಉಸಿರೆಳೆಯುವುದು, ಕೊನೆಗೆ ಹೆಸರು ಹೇಳುವುದು. ಗಿರಾಕಿಗಳು ಬೆರಗಾಗಿ ಹೋಗುತ್ತಿದ್ದರು.

ನಾದಿನಿ ಮಾತ್ರ ಅವಳ ಮುಖದಿಂದ ಕಣ್ಣು ಕೀಳುತ್ತಿರಲಿಲ್ಲ. ಯಾರು ಏನೇ ಕೇಳಲಿ, ಮುಚ್ಚಳ ತೆಗೆದು ಶೀಶೆಯನ್ನು ಇವಳ ಮುಂದೆಯೇ ಹಿಡಿಯುವಳು: "ನೀವೇ ಹೇಳಿ ಅತ್ತಿಗೆ."

ಮೊನ್ನೆ ಹಾಲು ಸೀದು ಪಾತ್ರೆಯೆಲ್ಲ ಕಪ್ಪಾಗುವಾಗ ನಾದಿನಿ ಒಲೆಗೆ ಬೆನ್ನು ಹಾಕಿ, ಪಕ್ಕದಲ್ಲೇ ಕೂತು ಬತ್ತಿ ಕತ್ತರಿಸುತ್ತಿದ್ದಳು. ಏಳಲಿಲ್ಲ. ಬೀದಿಯಿಂದ ಒಳಬಂದ ಗಂಡನೇ ಕೂಗಾಡಿದ್ದು: "ಮನೆ ತುಂಬಾ ಸೀದ ವಾಸನೆ! ಮೂಗು ಅಡ ಇಟ್ಟಿದ್ದೀರೇನ್ರೇ?" ನಾದಿನಿ ತಲೆ ತಗ್ಗಿಸಿದಳು. ನನ್ನನ್ನು ಸಿಕ್ಕಿಸಲು ಬೇಕೆಂದೇ ಸುಮ್ಮನಿದ್ದಳು ಎಂದು ಅತ್ತಿಗೆ ಅಂದೇ ತೀರ್ಮಾನಿಸಿದ್ದಳು.

ಈಗ ಶೀಶೆಗಳನ್ನೂ ತೊಳೆದಿದ್ದಾಳೆ. ಅದೂ ಶಾಲೆಯ ಕೈಗೆಲಸದ ಟೀಚರ್ ಬರುವ ದಿನವೇ.

ಟೀಚರ್ ಬಂದೇಬಿಟ್ಟರು. ಹೊಸ್ತಿಲಲ್ಲೇ ನಿಂತು ಮೂಗಿಗೆ ಕರವಸ್ತ್ರ ಹಿಡಿದರು.

"ನಲವತ್ತು ಮಕ್ಕಳಿಗೆ ಸಾಮಾನು ಬೇಕು. ಇವತ್ತು ಚೆನ್ನಾಗಿದ್ದರೆ ವರ್ಷ ಪೂರ್ತಿ ನಿಮ್ಮಲ್ಲೇ. ಆದರೆ ನನಗೆ ಮಲ್ಲಿಗೆ ಎಣ್ಣೆ ಆಗಲ್ಲ ಕಣ್ರಮ್ಮ. ಹತ್ತಿರ ಬಂದರೆ ಉಸಿರೇ ಕಟ್ಟುತ್ತೆ. ಹೋದ ಸಲ ನಾಲ್ಕು ದಿನ ಆಸ್ಪತ್ರೆಯಲ್ಲಿದ್ದೆ. ಅದೊಂದನ್ನ ತೆಗೆದಿಟ್ಟು ಉಳಿದ ಹನ್ನೊಂದು ಕೊಡಿ. ಮುಚ್ಚಳ ಇಲ್ಲಿ ತೆಗೀಬೇಡಿ, ಒಳಗೆ ಹೋಗಿ ನೋಡಿ."

ಇಬ್ಬರೂ ಶೀಶೆಗಳ ತಟ್ಟೆ ಹಿಡಿದು ಅಡುಗೆಮನೆಗೆ ಹೋದರು. ನಾದಿನಿ ಒಂದರ ಮುಚ್ಚಳ ತಿರುಗಿಸಿ ಮುಂದೆ ಹಿಡಿದಳು. "ನೀವೇ ಹೇಳಿ ಅತ್ತಿಗೆ."

ಬರೀ ಎಣ್ಣೆಯ ಹೆಸರಾದರೆ ಬಾಯಿಗೆ ಬಂದದ್ದು ಹೇಳಬಹುದು. ಇನ್ನೊಬ್ಬರ ಉಸಿರಿನ ಪ್ರಶ್ನೆ ಬಂದಾಗ ಹಾಗೆ ಹೇಳಲಾಗುತ್ತದೆಯೇ? ಅತ್ತಿಗೆಯ ಕಣ್ಣು ತುಂಬಿತು.

"ಸಾಕು ಕಣೇ, ನೀನೇ ಗೆದ್ದೆ," ಎಂದು ಪಿಸುಗುಟ್ಟಿದಳು. "ಜ್ವರ ಬಿಟ್ಟಾಗಿನಿಂದ ನನಗೆ ಯಾವ ವಾಸನೆಯೂ ಗೊತ್ತಾಗಲ್ಲ. ನಿಮ್ಮಣ್ಣನಿಗೆ ಹೇಳ್ತೀಯಾ, ಊರಿಗೆಲ್ಲ ಸಾರ್ತೀಯಾ, ನಿನ್ನಿಷ್ಟ. ಈಗ ಮಾತ್ರ ನೀನೇ ಮೂಸಿ ಹೇಳಿಬಿಡು."

ನಾದಿನಿಯ ಮುಖದಲ್ಲಿ ಗೆದ್ದ ಕಳೆ ಬರಲಿಲ್ಲ. ಇದ್ದ ಬಣ್ಣವೂ ಇಳಿದುಹೋಯಿತು. ಶೀಶೆಯನ್ನು ತಟ್ಟೆಗೇ ವಾಪಸಿಟ್ಟಳು.

"ನಾನೂ ಅದೇ ಜ್ವರದಲ್ಲಿ ಮಲಗಿದ್ದೆನಲ್ಲ ಅತ್ತಿಗೆ," ಎಂದಳು. "ಇಷ್ಟು ದಿನ ನಿಮ್ಮ ಮುಖ ನೋಡ್ಕೊಂಡೇ ತಲೆಯಾಡಿಸ್ತಿದ್ದೆ."

"ಆ ಮಲ್ಲಿಗೆದೊಂದು ತೆಗೆದಿಡ್ರಮ್ಮಾ," ಎಂದು ಟೀಚರ್ ಹೊಸ್ತಿಲಿಂದ ಇನ್ನೊಮ್ಮೆ ಕೂಗಿದರು.