ವಾರಿಜಾ ಮೇಡಂ ಅವರ ಸುಟ್ಟ ಮರಗಳು

ಕಾಡಿಗೆ ಬಿದ್ದ ಬೆಂಕಿ ಆರಿತು, ಆದರೆ ಏನೂ ಉಳಿಯಲಿಲ್ಲ ಎಂದು ಫೋನ್ ಬಂದಾಗ ಡಾ. ವಾರಿಜಾ "ಸರಿ" ಎಂದಷ್ಟೇ ಹೇಳಿದರು... ಅಳು ಬರಲಿಲ್ಲ.

ಅವರು ಅರಣ್ಯ ವಿಜ್ಞಾನಿ. ಚಾಮರಾಜನಗರದ ಕಡೆಯ ಕಾಡಿನ ಒಂದು ತುಂಡನ್ನು ಕೆಲಸಕ್ಕೆ ಸೇರಿದಾಗಿನಿಂದ ಅಳೆಯುತ್ತ ಬಂದವರು.

ಯಾವ ಸಸಿ ಬದುಕಿತು, ಯಾವುದನ್ನು ಜಿಂಕೆ ತಿಂದಿತು, ಲಂಟಾನ ಪೊದೆ ತೆಗೆದರೆ ಹೊನ್ನೆ, ನೆಲ್ಲಿ ಮತ್ತೆ ಹುಟ್ಟುತ್ತವೆಯೇ... ಅದೇ ಅವರ ಬದುಕಾಗಿತ್ತು.

ಮದುವೆಯ ಮಾತು ಮುಂದಕ್ಕೆ ಹೋಗುತ್ತ ಹೋಗುತ್ತ ನಿಂತೇ ಹೋಯಿತು. ಈಗ ನಿವೃತ್ತಿ ಹತ್ತಿರ ಬಂದಿತ್ತು...

ಎರಡು ದಿನದ ಮೇಲೆ ಆ ಕಾಡಿಗೆ ಹೋಗಿ, ಜೀಪಿನಿಂದ ಇಳಿದು ನೋಡಿದರು. ಕಪ್ಪು ನೆಲ... ಕಪ್ಪು ಬೊಡ್ಡೆಗಳು...

ದುಃಖವೂ ಇಲ್ಲ, ಸಿಟ್ಟೂ ಇಲ್ಲ. ಮನಸ್ಸು ಮರಗಟ್ಟಿಹೋಗಿತ್ತು.

ಜೊತೆಗಿದ್ದ ರೇಂಜರ್ ಹೇಳಿದರು, "ಇಲ್ಲಿ ಕಾವಲಿಗಿದ್ದ ಬೇದೇಗೌಡ ಬೆಂಕಿ ಬಂದಾಗ ಜಾಗ ಬಿಟ್ಟು ಓಡಿದ್ದಾನೆ ಮೇಡಂ. ನೀವೊಂದು ಮಾತು ಹೇಳಿದ್ರೆ ಇವತ್ತೇ ಕೆಲಸದಿಂದ ತೆಗೀತೀನಿ."

"ಮೊದಲು ಅವರನ್ನ ನೋಡ್ತೀನಿ," ಎಂದರು ವಾರಿಜಾ. ತಮ್ಮ ದನಿ ತಮಗೇ ಯಾರದೋ ಅನಿಸಿತು.

ಬೇದೇಗೌಡರ ಮನೆ ಅಲ್ಲೇ ಹತ್ತಿರದ ಪೋಡಿನಲ್ಲಿ, ಸೋಲಿಗರ ಪುಟ್ಟ ಹಾಡಿಯಲ್ಲಿ. ಬಾಗಿಲು ಹಾಕಿತ್ತು. ಪಕ್ಕದ ಗುಡಿಸಲಿನ ಬಾಣಂತಿ ಮಾದಮ್ಮ ಕೂಸನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬೇದೇಗೌಡರೆಲ್ಲಿ ಎಂದು ವಾರಿಜಾ ಕೇಳಿದಾಗ ಹೇಳಿದಳು,

"ಬೆಂಕಿ ನಮ್ ಗುಡ್ಲು ಕಡೀಕೂ ತಿರುಗ್ತು ಕಣವ್ವ. ಗಂಡಸ್ರೆಲ್ಲ ಸಂತೆಗೋಗಿದ್ರು. ನಾನು ಏಳಕಾಗ್ದೆ ಮಲಗಿದ್ದಿ. ಬೇದೇಗೌಡಪ್ಪನೇ ಓಡ್ಬಂದು ನನ್ನೂ ಕೂಸುನ್ನೂ ಎತ್ಕಂಡು ಹೊರಕ್ ತಂದ..."

ಆಕೆ ದನಿ ತಗ್ಗಿಸಿದಳು. "ಅವತ್ತಿಂದ ಸರಿಯಾಗಿ ಉಣ್ನಿಲ್ಲ. ಸುಟ್ಟೋದ ಮರಗಳ ತಾವೇ ಕುಂತಿರ್ತಾನೆ."

ವಾರಿಜಾ ಮತ್ತೆ ಕಾಡಿಗೆ ಹೋದರು. ಆಚೆ ಬದಿಯಲ್ಲಿ, ಕರಕಲಾದ ಹೊನ್ನೆ ಮರದ ಬುಡದಲ್ಲಿ ಬೇದೇಗೌಡರು ಕೂತಿದ್ದರು. ಸುಟ್ಟ ಅಂಗೈಗೆ ಬಟ್ಟೆ ಸುತ್ತಿತ್ತು.

ಇವರನ್ನು ಕಂಡು ಎದ್ದು ನಿಂತರು.

"ನಿಮ್ ಮರ ಉಳುಸ್ಕೊಳಕೆ ಆಗ್ನಿಲ್ಲ ಕಣವ್ವ. ಮಕ್ಳಂಗೆ ನೋಡ್ಕಂಡಿದ್ರಿ... ಕೂಸು ಅಳೋದು ಕೇಳುಸ್ತು. ಆ ಕಡೀಕ್ ಓಡ್ಬುಟ್ಟಿ."

ಅಷ್ಟು ಹೇಳಿ ಆ ಹಿರಿಯ ಜೀವ ಬಿಕ್ಕಿ ಬಿಕ್ಕಿ ಅತ್ತಿತು.

ಈ ಮರಗಳಿಗಾಗಿ ಲೋಕದಲ್ಲಿ ತಮ್ಮನ್ನು ಬಿಟ್ಟು ಇನ್ನೊಬ್ಬರು ಅಳಬಹುದು ಎಂದು ವಾರಿಜಾ ಎಂದೂ ಅಂದುಕೊಂಡಿರಲಿಲ್ಲ. ಅದೂ ತಾವೇ ಅಳಲಾರದೆ ನಿಂತಿರುವಾಗ...

ಅವರು ಬೂದಿಯಲ್ಲೇ ಕೂತುಬಿಟ್ಟರು. ಆಗ ಅವರ ಕಣ್ಣಿಂದಲೂ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

ಆಮೇಲೆ ಹೇಳಿದರು, "ನಾನು ಇಲ್ಲೇ ಇದ್ದಿದ್ರೂ ಆ ಕಡೆ ಓಡಿ ಅಂತಲೇ ಹೇಳ್ತಿದ್ದೆ, ಬೇದೇಗೌಡ್ರೇ."

ರೇಂಜರಿಗೂ ಅದನ್ನೇ ಹೇಳಿದರು. ಬೇದೇಗೌಡರ ಕೆಲಸ ಉಳಿಯಿತು.

ಆ ಮಧ್ಯಾಹ್ನ ಮಾದಮ್ಮನ ಮನೆಯಲ್ಲಿ ಇಬ್ಬರಿಗೂ ರಾಗಿ ಮುದ್ದೆ, ಸೊಪ್ಪಿನ ಸಾರು. ಇಬ್ಬರೂ ಹೊಟ್ಟೆ ತುಂಬ ಉಂಡರು.

*ಕಳೆದುಕೊಂಡದ್ದಕ್ಕೆ ಕಾರಣ ಯಾರು ಎಂದು ಹುಡುಕುವ ಮೊದಲು, ಅದಕ್ಕಾಗಿ ನಮ್ಮ ಜೊತೆ ಅಳುತ್ತಿರುವವರು ಯಾರು ಎಂದು ನೋಡಬೇಕು.*

ನೀವು ಇವತ್ತು ಯಾರ ಮೇಲೆ ತಪ್ಪು ಹೊರಿಸಿ ಕೂತಿದ್ದೀರಿ...? ಅವರ ಹತ್ತಿರ ಹೋಗಿ ಒಮ್ಮೆಯಾದರೂ ಕೇಳಿದ್ದೀರಾ?