ಟ್ಯಾಂಕಿನ ನೆತ್ತಿಯ ಫೋಟೋ

ನೀರಿನ ಟ್ಯಾಂಕಿನ ನೆತ್ತಿ ಬಿರುಕು ಬಿಟ್ಟು ಕಾಂಕ್ರೀಟ್ ಉದುರಿದ ಮೇಲೆ, ಬುಡದಲ್ಲಿದ್ದ ಅಂಗನವಾಡಿಗೆ ಬೀಗ ಬಿದ್ದಿತ್ತು. ರಿಪೇರಿ ಮುಗಿಯಿತೆಂದು ಗುತ್ತಿಗೆದಾರ ಪಂಚಾಯಿತಿ ಸಭೆಯಲ್ಲಿ ಲ್ಯಾಪ್‌ಟಾಪ್ ತೆರೆದು, ಗೋಡೆಯ ಮೇಲೆ ಸ್ಲೈಡುಗಳನ್ನು ತೋರಿಸಿದ. ಕೊನೆಯದರಲ್ಲಿ ಹೊಸ ಸಿಮೆಂಟಿನ ನುಣುಪಾದ ನೆತ್ತಿ ಕಾಣುತ್ತಿತ್ತು. ಅಷ್ಟೆತ್ತರ ಹತ್ತಿ ನೋಡಿದವರು ಊರಲ್ಲಿ ಯಾರೂ ಇರಲಿಲ್ಲ.

"ನಾಳೆಯಿಂದ ಹುಡುಗರನ್ನ ಕಳಸ್ರಿ," ಎಂದ.

ಅಧ್ಯಕ್ಷೆ ನೀಲವ್ವನಿಗೆ ಧೈರ್ಯ ಸಾಲಲಿಲ್ಲ. ಅವಳ ಮೊಮ್ಮಗಳೂ ಅಲ್ಲಿಗೇ ಹೋಗಬೇಕಿತ್ತು.

"ಆ ಫೋಟೋ ಒಂದ ಕೊಡ್ರಿ. ತಾಯಂದಿರಿಗೆ ತೋರಸ್ತೀನಿ."

"ಸ್ಲೈಡಿನಾಗಿಂದು ಹಂಗ ತೆಗಿಯಾಕ ಬರೂದಿಲ್ಲವ್ವಾ. ಆಮ್ಯಾಲೆ ಕಳಸ್ತೀನಿ." ಅವನು ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದ.

"ಬರ್ತದ್ರಿ," ಎಂದು ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್ ರುಖಿಯಾ ಅಷ್ಟರಲ್ಲೇ ಮೌಸ್ ಹಿಡಿದಳು. ಚಿತ್ರದ ಮೇಲೆ ರೈಟ್ ಕ್ಲಿಕ್ ಮಾಡಿ, ಮೂಲ ಚಿತ್ರವನ್ನೇ ಬೇರೆ ಫೈಲಾಗಿ ಉಳಿಸಿ ತೆರೆದಳು.

ಸ್ಲೈಡಿನಲ್ಲಿ ಕತ್ತರಿಸಿ ಮರೆಮಾಡಿದ್ದ ಅಂಚುಗಳೂ ಸೇರಿ ಇಡೀ ಚಿತ್ರ ಗೋಡೆಯ ತುಂಬ ಹರಡಿತು. ಟ್ಯಾಂಕಿನ ಹಿಂದೆ ತುಂಬಿ ಹರಿಯುವ ನೀರು, ದಡದಲ್ಲಿ ಎರಡು ದೋಣಿ.

ನೀಲವ್ವ ಎದ್ದು ಗೋಡೆಯ ಹತ್ತಿರ ಹೋಗಿ ದೋಣಿಗಳ ಮೇಲೆ ಬೆರಳಿಟ್ಟಳು.

"ಸಾಹೇಬ್ರ," ಎಂದಳು ನೀಲವ್ವ, "ನಮ್ಮೂರಿಗೆ ಹೊಳಿ ಯಾವಾಗ ಬಂತ್ರೀ?"